ಅವ್ವನ ಒಲೆಯ ಮೇಲೆ ಬಿಯರು

ಸಂಜೆ ಅಪ್ಪ ಕೆಲಸದಿಂದ ಬಂದು ಹೊಸ್ತಿಲು ದಾಟಿದ ಕೂಡಲೇ ಅಂಗಿ ಬಿಚ್ಚಿ ಅವ್ವನ ಕೈಗೆ ಕೊಡಬೇಕಿತ್ತು. ಅವ್ವ ಅದನ್ನು ಕೊಡವುವವಳ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದು, ಒಮ್ಮೆ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದಳು. ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿ, ಕಾಲು ತೊಳೆಯಲು ನೀರು ಕೊಡುತ್ತಿದ್ದಳು. ಅಪ್ಪ ಏನೂ ಕೇಳುತ್ತಿರಲಿಲ್ಲ, ಅವಳೂ ಏನೂ ಹೇಳುತ್ತಿರಲಿಲ್ಲ. ಕಣ್ಣು ಬಿಟ್ಟಾಗಿನಿಂದ ಇದನ್ನೇ ನೋಡಿದ ನಾನು, ಗಂಡನ ಅಂಗಿ ಮೂಸುವುದು ದೇವರಿಗೆ ದೀಪ ಹಚ್ಚಿದಷ್ಟೇ ಸಹಜವಾದ, ಎಲ್ಲರ ಮನೆಯ ಸಂಜೆಯ ಕೆಲಸವೆಂದು ತಿಳಿದಿದ್ದೆ. ಬೀದಿಯ ಮಕ್ಕಳೊಂದಿಗೆ ಅಪ್ಪ-ಅವ್ವನ ಆಟ ಆಡುವಾಗ ನಾನು ಹೆಂಡತಿಯಾದರೆ ಗಂಡನಾದ ಹುಡುಗನ ಅಂಗಿ ಬಿಚ್ಚಿಸಿ ಮೂಸಿಯೇ ಒಳಗೆ ಬಿಡುತ್ತಿದ್ದೆ. ಒಮ್ಮೆ ಅವನ ತಾಯಿ ಇದನ್ನು ಕಂಡು ಇದೆಂಥ ಆಟ ಕಣಮ್ಮಿ ಎಂದು ಕೇಳಿದಳು. ನಮ್ಮವ್ವನೂ ಹೀಗೇ ಮಾಡುತ್ತಾಳೆ ಎಂದೆ. ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ನಮ್ಮ ಮನೆಯ ಗುಟ್ಟು ಬೀದಿಪಾಲಾಗಿದ್ದು ನನ್ನ ಬಾಯಿಂದಲೇ, ಆದರೆ ಅದು ಗುಟ್ಟೆಂಬುದು ಆಗ ನನಗೆ ಗೊತ್ತಿದ್ದರೆ ತಾನೆ.

ಅವ್ವನ ತವರು ತೆರಕಣಾಂಬಿ. ಅವಳ ಅಪ್ಪ, ಎಂದರೆ ನನ್ನ ತಾತ, ಒಳ್ಳೆಯ ಮನುಷ್ಯನಂತೆ. ಹಾಗೆಂದು ಎಲ್ಲರೂ ಹೇಳುತ್ತಿದ್ದರು, ಹೇಳಿ ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದರಲ್ಲಿ ಉಳಿದಿದ್ದೆಲ್ಲ ಇತ್ತು. ತಾತ ಮನೆಯಲ್ಲಿ ಒಂದು ಹನಿಯನ್ನೂ ಕುಡಿದವನಲ್ಲ. ಹುಲ್ಲಿನ ಮೆದೆಯ ಹಿಂದೆ, ಬಾವಿಯ ಕಟ್ಟೆಯ ಮರೆಯಲ್ಲಿ, ಯಾರದೋ ಗುಡಿಸಿಲಲ್ಲಿ ಮುಗಿಸಿಕೊಂಡು ಬಂದು, ಏನೂ ಆಗಿಲ್ಲವೆಂಬಂತೆ ಅಂಗಿ ಬಿಚ್ಚಿ ಮಗಳ ಕೈಗೆ ಕೊಡುತ್ತಿದ್ದ. ಆ ಅಂಗಿಯ ವಾಸನೆಯಿಂದಲೇ ಅವ್ವ ಅವತ್ತಿನ ಸಂಜೆಯ ಭವಿಷ್ಯ ಹೇಳಬಲ್ಲವಳಾಗಿದ್ದಳು. ಮಡಕೆ ಕುಡಿಕೆಗಳನ್ನು ಅಟ್ಟಕ್ಕೆ ಏರಿಸಬೇಕೋ, ಅಜ್ಜಿಯನ್ನು ಪಕ್ಕದ ಮನೆಗೆ ಕಳಿಸಬೇಕೋ, ಅಥವಾ ಇವತ್ತು ಎಲ್ಲರೂ ಕೂತು ಉಣ್ಣಬಹುದೋ ಎಂಬುದು ಅವಳ ಮೂಗಿಗೆ ಗೊತ್ತಾಗುತ್ತಿತ್ತು. ಮಕ್ಕಳು ಬೇರೆ ಬೇರೆ ವಿದ್ಯೆ ಕಲಿಯುತ್ತವೆ, ಅವ್ವ ಕಲಿತದ್ದು ಇದು.

ಮದುವೆಯ ಮಾತು ಬಂದಾಗ ಅವ್ವ ತನ್ನ ಅಣ್ಣ ಮಹದೇವಣ್ಣನ ಹತ್ತಿರ ಒಂದೇ ಒಂದು ಕೇಳಿಕೊಂಡಳಂತೆ. ಗಂಡು ಕಪ್ಪಗಿರಲಿ, ಕುಳ್ಳಗಿರಲಿ, ಕುಡಿಯುವವನು ಮಾತ್ರ ಬೇಡ ಎಂದು. ನಮ್ಮ ಮಾವ ಅದನ್ನು ಮನಸ್ಸಿಗೆ ಹಾಕಿಕೊಂಡು, ವೀಳ್ಯಶಾಸ್ತ್ರದ ದಿನ ಎಲೆ ಅಡಿಕೆಯನ್ನು ಅಪ್ಪನ ಕೈಗಿಟ್ಟು, ಹಿರಿಯರೆಲ್ಲ ಕೂತಿರುವಾಗಲೇ, ನೀವು ಕುಡಿಯುತ್ತೀರಾ ಎಂದು ಕೇಳಿಬಿಟ್ಟ. ಅಪ್ಪ ಎಲೆ ಹಿಡಿದುಕೊಂಡೇ ಕುಡಿದಿಲ್ಲ, ಕುಡಿಯುವುದೂ ಇಲ್ಲ ಎಂದ. ವೀಳ್ಯ ಹಿಡಿದು ಕೊಟ್ಟ ಮಾತು ನಮ್ಮ ಕಡೆ ಕೊಟ್ಟವನದಲ್ಲ, ಮಾತು ತೆಗೆದುಕೊಂಡವನದು. ಅದನ್ನು ಸಡಿಲಿಸಬೇಕಾದರೂ ಅವನೇ ಸಡಿಲಿಸಬೇಕು. ಅಪ್ಪ ಆ ಮಾತಿಗೆ ಎಂದೂ ತಪ್ಪಿದವನಲ್ಲ. ಅವ್ವ ಮಾತನ್ನು ನಂಬಿದಳು, ಮೂಗನ್ನು ಇನ್ನೂ ಹೆಚ್ಚು ನಂಬಿದಳು, ಅಷ್ಟೆ.

ನಾವಿದ್ದದ್ದು ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಗೆ ಒಂದು ಬೀದಿ ಹಿಂದೆ. ಕೇರಳದ ಕಡೆಗೆ ತರಕಾರಿ ತುಂಬಿಕೊಂಡು ಹೋಗುವ ಲಾರಿಗಳಿಗೆ ನಮ್ಮ ಅಡುಗೆಮನೆಯ ತಟ್ಟೆಗಳು ಸಣ್ಣಗೆ ಅದುರುತ್ತಿದ್ದವು. ನಡುಮನೆ, ಒಂದು ಕೋಣೆ, ಅಡುಗೆಮನೆ, ಅದರ ಹಿಂಬಾಗಿಲು ತೆರೆದರೆ ಹಿತ್ತಿಲು. ಹಿತ್ತಿಲು ಮನೆಗಿಂತ ದೊಡ್ಡದು. ಅಲ್ಲಿ ಅವ್ವನದೆಂದರೆ ದಪ್ಪ ನಿಂಬೆಯಂಥ ಕಾಯಿ ಬಿಡುವ ಒಂದು ಹೇರಳೆ ಮರ, ಬಟ್ಟೆ ಒಗೆಯುವ ಕಲ್ಲು. ಉಳಿದದ್ದೆಲ್ಲ ಅಪ್ಪನ ರಾಜ್ಯ. ಅವನು ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಕೆಲಸದಲ್ಲಿದ್ದ. ಅಲ್ಲಿ ಎಸೆಯಲು ತೆಗೆದಿಟ್ಟ, ಎಲೆ ಉದುರಿದ, ಹುಳು ತಿಂದ ಗಿಡಗಳನ್ನೆಲ್ಲ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದ. ಬೇರು ಮಾತ್ರ ಹಸಿಯಾಗಿದ್ದರೆ ಸಾಕು, ಅದನ್ನು ಬದುಕಿಸುತ್ತೇನೆ ಎನ್ನುತ್ತಿದ್ದ. ಬದುಕಿಸುತ್ತಿದ್ದ ಕೂಡ. ಮನುಷ್ಯರ ಜೊತೆ ಅವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಹೋಂವರ್ಕ್ ಹೇಳಿಕೊಡಲು ಕೂತರೆ ಕಾಲು ಗಂಟೆಯೊಳಗೆ ನಾನು ಅಳುತ್ತಿದ್ದೆ, ಅವನು ಹಿತ್ತಿಲಲ್ಲಿರುತ್ತಿದ್ದ.

ಒಂದು ಸಲ ಇಲಾಖೆಯ ಕೆಲಸಕ್ಕೆ ಊಟಿಗೆ ಹೋಗಿದ್ದವನು ಹಸಿ ಗೋಣಿಯಲ್ಲಿ ಸುತ್ತಿದ ಒಂದು ಬೇರಿನ ತುಂಡು ತಂದ. ಅಲ್ಲಿನ ಒಂದು ಹಳೇ ಬಂಗಲೆಯಲ್ಲಿ ಅಡುಗೆಗಿದ್ದ ಮುದುಕನೊಬ್ಬ ಕೊಟ್ಟಿದ್ದು. ಅದು ದೊರೆಗಳ ಕಾಲದ ಬಳ್ಳಿ, ನಿಮ್ಮ ಸೀಮೆಯಲ್ಲಿ ಎಲೆ ಬಿಡಬಹುದು, ಹೂ ಬಿಡಲಾರದು ಎಂದು ಅವನು ಹೇಳಿದ್ದನಂತೆ. ಹೂ ಬಿಡಲಾರದು ಎಂಬ ಮಾತನ್ನು ಅಪ್ಪನ ಮುಂದೆ ಆಡಬಾರದಿತ್ತು. ಬಳ್ಳಿ ಬಚ್ಚಲುಮನೆಯ ಗೋಡೆಗೆ ಕಟ್ಟಿದ ಹಗ್ಗ ಹಿಡಿದು ಹತ್ತಿತು. ಮುಟ್ಟಿದರೆ ಕೈ ಗೀರುವ ಒರಟು ದಂಟು, ಹಾಗಲದ ಎಲೆಗಿಂತ ಅಗಲವಾದ ಎಲೆ. ವರ್ಷ ಕಳೆಯಿತು, ಇನ್ನೊಂದು ಕಳೆಯಿತು, ಬರೀ ಎಲೆ. ಏನು ಬಳ್ಳಿ ಎಂದು ಅವ್ವ ಕೇಳಿದರೆ ಔಷಧಿ ಬಳ್ಳಿ ಎನ್ನುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ, ಆ ಹೂವನ್ನು ದಿಂಬಿಗೆ ತುಂಬಿಸಿ ಮಲಗಿದರೆ ನಿದ್ದೆ ಬರುತ್ತದೆಂದು ಹೇಳುವವರಿದ್ದಾರೆ. ಆದರೆ ಅಪ್ಪನಿಗೆ ನಿದ್ದೆಯ ತೊಂದರೆ ಎಂದೂ ಇರಲಿಲ್ಲ.

ಆ ಬಳ್ಳಿಗೆ ಹಗಲು ಸಾಲದು ಎಂಬುದು ಅವನ ಲೆಕ್ಕಾಚಾರ. ಅದರ ತವರಿನಲ್ಲಿ ಬೇಸಿಗೆಯ ಹಗಲು ಬಲು ಉದ್ದವಂತೆ. ಹಾಗಾಗಿ ಬಚ್ಚಲುಮನೆಯಿಂದ ವೈರು ಎಳೆದು, ಬಳ್ಳಿಯ ನೆತ್ತಿಯ ಮೇಲೆ ಒಂದು ಬಲ್ಬು ಕಟ್ಟಿ, ಹೊತ್ತು ಮುಳುಗುತ್ತಲೇ ಹಚ್ಚತೊಡಗಿದ. ಕರೆಂಟು ಹೋದರೆ ಕಂದೀಲು ಇಡುತ್ತಿದ್ದ. ದಿನಾ ಸಂಜೆ ತಪ್ಪದೆ ಒಂದು ಬಳ್ಳಿಯ ಮುಂದೆ ದೀಪ ಉರಿದರೆ ನಮ್ಮೂರಿನಲ್ಲಿ ಏನಾಗಬೇಕೋ ಅದೇ ಆಯಿತು. ಬೇಲಿಯಾಚೆಯ ಸಿದ್ದಮ್ಮಜ್ಜಿ ಒಂದು ದಿನ ಬಂದು ಬಳ್ಳಿಯ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿದು ಹೋದಳು. ಕಳೆದುಹೋಗಿದ್ದ ಅವಳ ಮೇಕೆ ಮಾರನೆಯ ದಿನ ತಾನಾಗಿ ಬಂತು. ಅಲ್ಲಿಂದ ಮುಂದೆ ಮಂಗಳವಾರ, ಶುಕ್ರವಾರ ನಮ್ಮ ಬಚ್ಚಲುಮನೆಯ ಗೋಡೆಗೆ ಹೂ ತಪ್ಪಲಿಲ್ಲ. ಅಪ್ಪ ಮೊದಮೊದಲು ರೇಗಿದ, ಆಮೇಲೆ ಅರಿಶಿನದಿಂದ ಬುಡಕ್ಕೆ ಕೇಡಿಲ್ಲ ಎಂದು ಬಿಟ್ಟುಬಿಟ್ಟ. ಅವ್ವನೂ ಕುಂಕುಮ ಇಡತೊಡಗಿದಳು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ, ಒಂದೇ ಬೇಡಿಕೆಯನ್ನು ಬೇಡುತ್ತಿದ್ದಳು. ಏನೆಂದು ನಾನು ಕೇಳಿದ್ದಕ್ಕೆ, ನಿಮ್ಮಪ್ಪ ಹೀಗೇ ಇರಲಿ ಅಂತ ಎಂದಳು.

ಹೂ ಬಿಟ್ಟಿತು. ತಿಳಿಹಸುರು ಬಣ್ಣದ, ಕಾಗದದ ಚೂರುಗಳನ್ನು ಒಂದರ ಮೇಲೊಂದು ಅಂಟಿಸಿದಂಥ ಪುಟ್ಟ ಗೊಂಡೆಗಳು. ಒಂದನ್ನು ಅಂಗೈಯಲ್ಲಿ ಉಜ್ಜಿದರೆ ಹಳದಿ ಪುಡಿ ಅಂಟಿ, ಹೇರಳೆಯ ಸಿಪ್ಪೆ ಮತ್ತು ಹಸಿ ಹುಲ್ಲು ಎರಡೂ ಸೇರಿದ ವಾಸನೆ ಬರುತ್ತಿತ್ತು. ಅಪ್ಪ ಅಂದು ಊಟವನ್ನೂ ಮಾಡದೆ ಅದರ ಮುಂದೆ ಕೂತಿದ್ದ. ನನ್ನ ಜೊತೆ ಅವನು ಅಷ್ಟು ಸಂತೋಷವಾಗಿ ಎಂದೂ ಕೂತಿರಲಿಲ್ಲ, ಈಗಲೂ ಅದನ್ನು ನೆನೆದರೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಅದೇ ವಾರ ಚಾಮರಾಜನಗರದಿಂದ ಅವನ ಸಾಹೇಬರೊಬ್ಬರು ನರ್ಸರಿ ನೋಡಲು ಬಂದರು. ಅಪ್ಪ ಹಿಗ್ಗು ತಡೆಯಲಾರದೆ ಅವರನ್ನು ಮನೆಗೆ ಕರೆತಂದು ಬಳ್ಳಿ ತೋರಿಸಿದ. ಅವ್ವ ಕಾಫಿ ಹಿಡಿದು ಹಿಂಬಾಗಿಲಿಗೆ ಬಂದಿದ್ದಳು. ಸಾಹೇಬರು ಗೊಂಡೆಯೊಂದನ್ನು ಮೂಸಿ, ಬಿಯರಿಗೆ ಹಾಕುವ ಹೂವಲ್ಲವೇನ್ರೀ ಇದು, ಗುಂಡ್ಲುಪೇಟೆಯಲ್ಲಿ ಬಿಡಿಸಿಬಿಟ್ಟಿರಲ್ಲ ಎಂದು ಬೆನ್ನು ತಟ್ಟಿದರು. ಅವ್ವ ಲೋಟಗಳನ್ನು ಚೆಲ್ಲಲಿಲ್ಲ. ಅವರಿಗೆ ಕಾಫಿ ಕೊಟ್ಟಳು, ಇನ್ನೊಂದು ಸ್ವಲ್ಪ ಹಾಕಲೇ ಎಂದು ಕೇಳಿದಳು, ಅವರು ಹೋಗುವವರೆಗೂ ನಗುತ್ತಲೇ ಇದ್ದಳು. ಬಾಗಿಲು ಹಾಕಿದ ಮೇಲೆ ಅಡುಗೆಮನೆಯ ಗೋಡೆಗೆ ಒರಗಿ ಕೂತಳು.

“ಔಷ್ದಿ ಬಳ್ಳಿ ಅಂದ್ರಿ. ನಾನು ಅದ್ಕ ಕುಂಕುಮ ಇಟ್ಟೆ. ನೀವು ಕುಡೀದೆ ಇರ್ಲಿ ಅಂತ ಅದ್ನೇ ಬೇಡ್ಕೊಂಡೆ.”

ಅಪ್ಪ ಅವಳ ಎದುರು ಕುಕ್ಕರಗಾಲಲ್ಲಿ ಕೂತ.

“ನಾನು ಯಾವತ್ತಾದ್ರೂ ಕುಡ್ದಿದ್ದೀನಾ ಮಣ್ಣಿ?”

“ಕುಡ್ದಿಲ್ಲ. ಅದ್ಕೇ ಭಯ.”

ದೇವಮ್ಮಣ್ಣಿ ಎಂಬ ಹೆಸರನ್ನು ಅಪ್ಪ ಮಣ್ಣಿ ಎಂದು ಕರೆಯುತ್ತಿದ್ದುದು ಅವಳನ್ನು ಸಮಾಧಾನ ಮಾಡಬೇಕಾದಾಗ ಮಾತ್ರ. ಅಂದು ಆ ಹೆಸರೂ ನಡೆಯಲಿಲ್ಲ. ಹೂಗಳನ್ನು ತಿಪ್ಪೆಗೆ ಹಾಕಿ ಎಂದಳು ಅವ್ವ. ಅಪ್ಪನಿಂದ ಅದಾಗದು. ಕುಡಿಯುವ ಚಪಲದಿಂದಲ್ಲ, ಇದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಬೆಳೆದದ್ದನ್ನು ಅದು ಯಾತಕ್ಕಾಗಿ ಇದೆಯೋ ಅದಕ್ಕೆ ಬಳಸಬೇಕು, ಇಲ್ಲದಿದ್ದರೆ ಬೆಳೆದದ್ದೇ ದಂಡ ಎಂಬುದು ಅವನ ಹಟ. ಊಟಿಯ ಆ ಮುದುಕ ಬಳ್ಳಿಯ ಜೊತೆಗೆ ಬಿಯರು ಮಾಡುವ ಬಗೆಯನ್ನೂ ಹೇಳಿಕೊಟ್ಟಿದ್ದ. ಅಪ್ಪ ಅದನ್ನು ಇಷ್ಟು ವರ್ಷ ಬಾಯಿಪಾಠ ಇಟ್ಟುಕೊಂಡಿದ್ದ. ಒಂದೇ ಒಂದು ಸಲ ಮಾಡಿ ನೋಡುತ್ತೇನೆ, ಆಮೇಲೆ ಬೇಕಾದರೆ ಬಳ್ಳಿಯನ್ನು ನೀನೇ ಕಿತ್ತು ಹಾಕು ಎಂದ. ಮನೆಯಲ್ಲಿ ಹೀಗೆಲ್ಲ ಮಾಡುವುದು ಕಾನೂನಿಗೆ ಸಲ್ಲದ ಕೆಲಸ, ಸರ್ಕಾರಿ ನೌಕರನಾದ ಅವನಿಗೆ ಅದು ಚೆನ್ನಾಗಿಯೇ ಗೊತ್ತಿತ್ತು. ತಪ್ಪು ಅಪ್ಪನದೇ. ಆದರೆ ಅವನ ಹಟ ಎಂಥದೆಂದು ನನಗೆ ಅರ್ಥವಾಗುತ್ತದೆ, ಏಕೆಂದರೆ ಅದರಲ್ಲಿ ಅರ್ಧ ನನಗೆ ಬಂದಿದೆ.

ಅವ್ವ ಕೆಲವು ದಿನ ಮಾತು ಬಿಟ್ಟಳು. ಅಂಗಿ ಮೂಸುವುದನ್ನು ಬಿಡಲಿಲ್ಲ. ಆ ದಿನಗಳಲ್ಲಿ ಒಮ್ಮೆ ಕೋಣೆಯ ಮಂಚದ ಕೆಳಗಿನ ಟ್ರಂಕನ್ನು ನಾನು ಏತಕ್ಕೋ ತೆಗೆದೆ. ಅದರಲ್ಲಿ ಅವ್ವನ ಸೀರೆಗಳು ಮಡಚಿ ಇದ್ದವು, ಅವುಗಳ ಮೇಲೆ ನನ್ನ ಶಾಲೆಯ ನೀಲಿ ಲಂಗ ಇತ್ತು. ಒಗೆದು ಒಣಹಾಕಿದ್ದ ಲಂಗ ಟ್ರಂಕಿಗೆ ಬಂದದ್ದು ಹೇಗೆ ಎಂದು ಕೇಳಿದೆ. ಅವ್ವ ಸುಳ್ಳು ಹೇಳುವವಳಲ್ಲ. ನಿಮ್ಮಪ್ಪ ಅದನ್ನು ಕುಡಿದು, ಇನ್ನೂ ಬೇಕು ಅಂದರೆ ನಾವಿಬ್ಬರೂ ತೆರಕಣಾಂಬಿಗೆ ಹೋಗುವುದು ಎಂದಳು. ಅಲ್ಲಿಯವರೆಗೆ ಇದು ದೊಡ್ಡವರ ಜಗಳವಾಗಿತ್ತು, ಆ ಲಂಗವನ್ನು ಕಂಡ ಮೇಲೆ ನನ್ನದಾಯಿತು.

ಕೊನೆಗೆ ಅವಳೇ ಒಂದು ದಾರಿ ತೆಗೆದಳು. ಅಪ್ಪ ಬಚ್ಚಲುಮನೆಯ ಹಿಂದೆ ಮೂರು ಕಲ್ಲು ಹೂಡಿ ಪಾತ್ರೆ ಇಡುವ ಸನ್ನಾಹದಲ್ಲಿದ್ದ. ಅವ್ವ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಮಾಡದಾದ್ರ ನನ್ನ ಒಲ ಮ್ಯಾಲೇ ಮಾಡಿ, ನನ್ ಕಣ್ ಮುಂದ. ಕದ್ದು ಕುಡಿಯೋದ ನಮ್ಮಪ್ಪನ ಮನೇಲೇ ನೋಡಿ ಸಾಕಾಗೋಗದ. ಕುಡಿಯೋಕೆ ಮುಂಚ ನಮ್ಮಣ್ಣನ ಕರುಸ್ಬೇಕು. ಮಾತ ಅವನ್ಗ ತಾನೆ ಕೊಟ್ಟಿರದು.”

ಅಪ್ಪ ಎಲ್ಲಕ್ಕೂ ಒಪ್ಪಿದ. ಭಾವ ಬಂದು ಮಾತು ಸಡಿಲಿಸುವ ತನಕ ನಾಲಿಗೆಗೆ ಒಂದು ಹನಿಯನ್ನೂ ಸೋಕಿಸುವುದಿಲ್ಲ ಎಂದ.

ಬಾರ್ಲಿ ಎಲ್ಲಿಂದ ತರುವುದು, ರಾಗಿಯಲ್ಲೇ ಆಗಲಿ ಎಂಬುದು ಅಪ್ಪನ ತೀರ್ಮಾನ. ಅವನು ರಾಗಿ ನೆನೆಹಾಕಿದ್ದನ್ನು ಕಂಡೇ ಅವ್ವನಿಗೆ ತಲೆ ಕೆಟ್ಟಿತು. ಮೊಳಕೆ ರಾಗಿ ಮಾಡುವುದನ್ನು ಅವಳಿಗೆ ಯಾರು ಹೇಳಿಕೊಡಬೇಕು, ನನಗೆ ಹಲ್ಲು ಬರುವ ಮುಂಚಿನಿಂದ ಅದರ ಹಿಟ್ಟಿನ ಗಂಜಿಯನ್ನೇ ಕುಡಿಸಿ ಬೆಳೆಸಿದವಳು. ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಗೂಟಕ್ಕೆ ನೇತುಹಾಕಿದಳು. ಮೊಳಕೆ ಬಂದದ್ದನ್ನು ಬಿಸಿಲಿಗೆ ಹರವಿ, ಬಾಣಲೆಯಲ್ಲಿ ಘಮ್ಮೆನ್ನುವಷ್ಟು ಮಾತ್ರ ಹುರಿದು, ಬೀಸುವ ಕಲ್ಲಿನಲ್ಲಿ ತರಿಯಾಗಿ ಒಡೆದಳು. ಬಿಸಿನೀರಿಗೆ ಸುರಿದು ಮುಚ್ಚಿಟ್ಟಾಗ ಅದು ಸಿಹಿಯಾಯಿತು. ಸೋಸಿದ ರಸವನ್ನು ದೊಡ್ಡ ಪಾತ್ರೆಯಲ್ಲಿ ಕುದಿಯಲು ಇಟ್ಟು, ಬೆಲ್ಲ ಹಾಕಿ, ಅಪ್ಪ ತನ್ನ ಹೂಗಳನ್ನು ಒಂದೊಂದಾಗಿ ಬಿಟ್ಟ. ಅವ್ವ ಪಕ್ಕದಲ್ಲಿ ನಿಂತು, ಉಕ್ಕುತ್ತದೆ, ಉರಿ ತಗ್ಗಿಸಿ ಎಂದು ಗದರುತ್ತಿದ್ದಳು. ಮಾತು ಬಿಟ್ಟಿದ್ದನ್ನು ಅವಳು ಮರೆತೇಬಿಟ್ಟಿದ್ದಳು.

ಇಳಿಸುವ ಮುಂಚೆ ಕಿತ್ತಳೆ ಸಿಪ್ಪೆ ಹಾಕಬೇಕೆಂದು ಊಟಿಯ ಮುದುಕ ಹೇಳಿದ್ದ. ಅಪ್ಪ ಹಿತ್ತಿಲಿಂದ ಅವ್ವನ ಹೇರಳೆಕಾಯಿ ಕಿತ್ತು ತಂದು ಚಾಕುವಿನಲ್ಲಿ ಸಿಪ್ಪೆ ಕೆತ್ತತೊಡಗಿದ. ಹಸಿರಿನ ಜೊತೆಗೆ ಒಳಗಿನ ಬಿಳಿಯೂ ಬರುತ್ತಿತ್ತು. ಬಿಳಿ ಬಿದ್ದರೆ ಬಾಯಿಗಿಡಲಾಗದಷ್ಟು ಕಹಿ ಎಂದು ಅವ್ವ ಅವನ ಕೈಯಿಂದ ಕಾಯಿ ಕಸಿದುಕೊಂಡಳು. ಹೇರಳೆ ಉಪ್ಪಿನಕಾಯಿ, ಹೇರಳೆ ಗೊಜ್ಜು, ಹೇರಳೆ ಚಿತ್ರಾನ್ನ ಎಂದರೆ ನಮ್ಮ ಬೀದಿಯಲ್ಲಿ ಅವಳದೇ ಕೈ. ತುರಿಯುವ ಮಣೆಯ ಸಣ್ಣ ಹಲ್ಲಿನ ಮೇಲೆ ಕಾಯಿಯನ್ನು ಸೋಕಿಯೂ ಸೋಕದಂತೆ ಆಡಿಸಿ ಹಸಿರನ್ನಷ್ಟೇ ಬಿಡಿಸಿದಳು. ಅಡುಗೆಮನೆಯೆಲ್ಲ ಹಬ್ಬದ ವಾಸನೆ. ತನ್ನ ಸಂಸಾರಕ್ಕೆ ಬೆಂಕಿ ಹಚ್ಚಬಹುದಾದ ವಸ್ತುವನ್ನು ಅವ್ವ ರುಚಿಕಟ್ಟಾಗಿ ಮಾಡುತ್ತಿದ್ದಳು. ಕೆಟ್ಟದಾಗಿ ಅಡುಗೆ ಮಾಡುವುದು ಅವಳಿಗೆ ಬರುತ್ತಿರಲಿಲ್ಲ, ಅದೊಂದೇ ಕಾರಣ.

ಹುಳಿ ಬರಿಸಲು ಬೇಕಾದ ಈಸ್ಟನ್ನು ಕೇರಳದವರ ಬೇಕರಿಯಿಂದ ನಾನೇ ತಂದೆ. ಬನ್ನು ಮಾಡುತ್ತೀರಾ ಎಂದು ಆತ ಕೇಳಿದ್ದಕ್ಕೆ ಗೋಣು ಅಲ್ಲಾಡಿಸಿದೆ. ಉಪ್ಪಿನಕಾಯಿ ಖಾಲಿಯಾದ ದೊಡ್ಡ ಜಾಡಿಯಲ್ಲಿ ರಸ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಡುಗೆಮನೆಯ ಮೂಲೆಯಲ್ಲಿ ಇಟ್ಟರು. ಮಾರನೆಯ ದಿನದಿಂದ ಅದು ಸಣ್ಣಗೆ ಮಾತಾಡತೊಡಗಿತು. ಊಟಕ್ಕೆ ಕೂತರೆ ಮೂಲೆಯಿಂದ ಗುಳುಗುಳು. ಅಪ್ಪ ಕಿವಿ ಅತ್ತಲೇ ಇಟ್ಟು ಉಣ್ಣುತ್ತಿದ್ದ, ಅವ್ವ ಅಪ್ಪನ ಮುಖ ನೋಡುತ್ತ ಉಣ್ಣುತ್ತಿದ್ದಳು, ನಾನು ಮಂಚದ ಕೆಳಗಿನ ಟ್ರಂಕನ್ನು ನೆನೆಯುತ್ತ ಉಣ್ಣುತ್ತಿದ್ದೆ. ಸದ್ದು ನಿಂತ ಮೇಲೆ ಬಾಟಲಿಗಳಿಗೆ ತುಂಬಿ, ಬಿರಡೆ ಹಾಕಿ, ದಾರ ಬಿಗಿದು, ನೀರಿನ ತೊಟ್ಟಿಯಲ್ಲಿ ನಿಲ್ಲಿಸಿದರು. ಅವ್ವ ಬಸ್ಸಿನ ಕಂಡಕ್ಟರನ ಕೈಯಲ್ಲಿ ತೆರಕಣಾಂಬಿಗೆ ಹೇಳಿಕಳಿಸಿದಳು.

ಮಾವ ಭಾನುವಾರ ಮಧ್ಯಾಹ್ನ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಮುಖದಲ್ಲಿ ಪಂಚಾಯ್ತಿಯ ಗತ್ತು. ನಡುಮನೆಯ ಚಾಪೆಯ ಮೇಲೆ ಕೂತು, ನನ್ನ ತಂಗಿಯ ಕಣ್ಣಲ್ಲಿ ನೀರು ಬಂದರೆ ಸರಿಯಿರುವುದಿಲ್ಲ ಭಾವ ಎಂದು ಶುರು ಮಾಡಿದವನು ಕುಡಿತದ ಕೇಡುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದ. ಅಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ, ಒಂದು ಲೋಟಕ್ಕೆ ಮಾತ್ರ ಮಾತು ಸಡಿಲಿಸಬೇಕೆಂದು ಬೇಡಿದ. ಮಾವ ಅವ್ವನ ಮುಖ ನೋಡಿದ. ಅವ್ವ ಆಗಲಿ ಎಂದಳು. ನೀನೂ ಒಂದು ಲೋಟ ರುಚಿ ನೋಡಿ, ಇದು ಹೆಂಡವೋ ಪಾನಕವೋ ನೀನೇ ಹೇಳು ಅಣ್ಣ ಎಂದೂ ಸೇರಿಸಿದಳು. ಕುಡಿಯದವನು ರುಚಿ ಹೇಳುವುದು ಹೇಗೆ ಎಂದು ಮಾವ ಒಂದಿಷ್ಟು ಗುನುಗಿ, ನ್ಯಾಯ ಹೇಳುವವನು ನೋಡದೆ ಇರಲಾಗುತ್ತದೆಯೇ ಎಂದು ತಾನೇ ಒಪ್ಪಿಕೊಂಡ.

ಬಿರಡೆ ಟಪ್ಪೆಂದು ಹಾರಿ ತೊಲೆಗೆ ಬಡಿಯಿತು. ಎರಡು ಹಿತ್ತಾಳೆ ಲೋಟಗಳಲ್ಲಿ ಕೆಂಪು ಮಣ್ಣಿನ ಬಣ್ಣದ ಬಿಯರು, ಮೇಲೆ ಹಾಲಿನಂತೆ ನೊರೆ. ಅಪ್ಪ ಎತ್ತಿ ಕುಡಿದ. ಕಣ್ಣು ಮುಚ್ಚಿ, ನಾಲಿಗೆಯನ್ನು ಬಾಯೊಳಗೆ ಆಡಿಸಿದ. ಇನ್ನೊಂದು ಗುಟುಕು, ಮತ್ತೊಂದು. ಅವ್ವ ಕಂಬ ಹಿಡಿದುಕೊಂಡು ನಿಂತಿದ್ದಳು, ನಾನು ಅವಳ ಸೆರಗು ಹಿಡಿದುಕೊಂಡಿದ್ದೆ. ಲೋಟ ಖಾಲಿಯಾಯಿತು. ಬಾಟಲಿಯಲ್ಲಿ ಇನ್ನೂ ಅರ್ಧ ಇತ್ತು, ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅಪ್ಪ ಲೋಟವನ್ನು ಚಾಪೆಯ ಪಕ್ಕದಲ್ಲಿ ಬೋರಲು ಹಾಕಿದ. ಹುಬ್ಬು ಗಂಟಿಕ್ಕಿಕೊಂಡು ಏನೋ ಯೋಚಿಸುತ್ತ ಎದ್ದು, ಹಿಂಬಾಗಿಲಿಂದ ಬಳ್ಳಿಯ ಹತ್ತಿರ ಹೋದ. ಅಷ್ಟೆ. ಅವ್ವ ಇಷ್ಟು ವರ್ಷ ಕಾದದ್ದು ಎರಡನೆಯ ಲೋಟಕ್ಕೆ, ಅದು ಬರಲೇ ಇಲ್ಲ. ಅವಳು ಬಿಟ್ಟ ಉಸಿರು ನನ್ನ ನೆತ್ತಿಗೆ ತಾಗಿತು.

ಆಗ ಮಾವ ಲೋಟ ಎತ್ತಿಕೊಂಡ. ತುಟಿಗೆ ಒಯ್ಯುವ ಮೊದಲು ತೋರುಬೆರಳನ್ನು ನೊರೆಯಲ್ಲಿ ಅದ್ದಿ, ನೆಲದ ಮೇಲೆ ಮೂರು ಸಲ ಹನಿ ಚಿಮುಕಿಸಿದ. ಭೂಮಿತಾಯಿಗೆ ಮೊದಲ ಹನಿ. ಆಮೇಲೆ ತಲೆ ಎತ್ತಿ ಒಂದೇ ಏಟಿಗೆ ಕುಡಿದು, ಮೀಸೆಯನ್ನು ಮುಂಗೈಯಲ್ಲಿ ಒರೆಸಿಕೊಂಡು, ಪಾನಕದ ಹಾಗಿದೆ ಎನ್ನುತ್ತ ತಾನೇ ಬಾಟಲಿ ಬಗ್ಗಿಸಿದ. ಬೆರಳು ಮತ್ತೆ ನೊರೆಗೆ ಹೋಯಿತು. ಅವ್ವನ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು.

“ಅಣ್ಣ, ನೆಲಕ್ಕ ಯಾಕ ಚಿಮುಕ್ಸಿದೆ?”

ಮಾವನಿಗೆ ಅರ್ಥವಾಗಲಿಲ್ಲ. ಅವನ ಬೆರಳು ಇನ್ನೂ ಒದ್ದೆಯಾಗಿತ್ತು.

“ಮೆದ ಹಿಂದ ಅಪ್ಪನೂ ಅಂಗೇ ಚಿಮುಕ್ಸೋದ ನಾನು ನೋಡಿವ್ನಿ. ಇವ್ರು ಚಿಮುಕ್ಸಲಿಲ್ಲ, ಇವ್ರಿಗ ಅದು ಗೊತ್ತೇ ಇಲ್ಲ. ಕುಡೀದೋನ್ಗ ಆ ಶಾಸ್ತ್ರವ ಯಾರು ಕಲಿಸುದ್ರು?”

ಮಾವ ಲೋಟವನ್ನು ಕೆಳಗಿಟ್ಟ. ಪಂಚಾಯ್ತಿಯ ಗತ್ತು ಮುಖದಿಂದ ಇಳಿದುಹೋಯಿತು. ಕೂತಲ್ಲೇ ಸಣ್ಣವನಾದ. ನೆಲದ ಹನಿಗಳನ್ನೇ ನೋಡುತ್ತ ಹೇಳಿದ.

“ನಿಮ್ಮತ್ತಿಗೆಗೂ ಗೊತ್ತಿಲ್ಲ ಕಣಮ್ಮಿ. ಚಾಮರಾಜನಗರದ ಮಂಡಿಗ ಅರಿಶಿಣ ಆಕೋಕೆ ಓದಾಗ ವಸಿ ವಸಿ ಶುರುವಾಯ್ತು. ಈಗ ಅರಿಶಿಣ ಇಲ್ದಿದ್ರೂ ಓಯ್ತೀನಿ.”

ಅವ್ವ ಅತ್ತುಬಿಡುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದುಕೊಂಡೆ. ಅವ್ವ ದೇವರ ಗೂಡಿನ ಹತ್ತಿರ ಹೋಗಿ ಎಲೆ ಅಡಿಕೆಯ ತಟ್ಟೆ ತಂದಳು. ಅಣ್ಣನ ಎದುರು ಮಂಡಿಯೂರಿ ಕೂತು, ಒದ್ದೆಯಾಗಿದ್ದ ಅವನ ಬೆರಳನ್ನು ತನ್ನ ಸೆರಗಿನಿಂದ ಒರೆಸಿ, ಆ ಕೈಗೇ ವೀಳ್ಯ ಇಟ್ಟಳು.

“ಅವತ್ತು ನೀನು ಕೇಳ್ದೆ, ಅವ್ರು ಏಳುದ್ರು. ಇವತ್ತು ನಾನು ಕೇಳ್ತೀನಿ.”

“ಬುಡ್ತೀನಿ ಅಂತ ಏಳಿ ಸುಳ್ಳಾಗ್ಬುಟ್ರ?”

“ಸುಳ್ಳಾದ್ರ ಬಸ್ ಅತ್ತು, ಬಂದು ನನ್ಗ ಏಳು. ಕದ್ದು ಮಾತ್ರ ಬ್ಯಾಡ ಕಣಣ್ಣ.”

ಮಾವ ವೀಳ್ಯವನ್ನು ಎದೆಗೆ ಒತ್ತಿಕೊಂಡು ಆಗಲಿ ಎಂದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೂ ಮುಖದಲ್ಲಿ ತಲೆಹೊರೆ ಇಳಿಸಿದವನ ಕಳೆಯಿತ್ತು. ಅಗುರಾಯ್ತು ಕಣಮ್ಮಿ ಎಂದ. ಮುಂದೆ ಅವನು ಎಡವದೇ ಇರಲಿಲ್ಲ. ಎಡವಿದಾಗಲೆಲ್ಲ ತೆರಕಣಾಂಬಿ ಬಸ್ಸಿಳಿದು, ಶಾಲೆಗೆ ತಡವಾದ ಮಗುವಿನ ಹಾಗೆ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವ್ವ ಒಳಗೆ ಕರೆದು ಮುದ್ದೆ ಬಡಿಸುತ್ತಿದ್ದಳು. ಬರಬರುತ್ತ ಅವನು ಬರುತ್ತಿದ್ದುದು ಬರೀ ಮುದ್ದೆಗೆ.

ಇಷ್ಟೆಲ್ಲ ನಡೆದದ್ದು ಗೊತ್ತೇ ಇಲ್ಲದೆ ಅಪ್ಪ ಹಿತ್ತಿಲಿಂದ ಒಳಗೆ ಬಂದ. ಮಾವ ಕಣ್ಣೊರೆಸಿಕೊಳ್ಳುತ್ತಿದ್ದ, ಅವ್ವ ಮೂಗು ಸೀಟಿಕೊಳ್ಳುತ್ತಿದ್ದಳು. ಅವನ್ನೆಲ್ಲ ಗಮನಿಸುವ ಪೈಕಿಯಲ್ಲ ಅವನು. ಇಷ್ಟು ಹೊತ್ತು ಯೋಚಿಸಿ ತೀರ್ಮಾನಕ್ಕೆ ಬಂದವನಂತೆ, ಸಿಪ್ಪೆ ವಸಿ ಜಾಸ್ತಿ ಆಯ್ತು ಮಣ್ಣಿ ಎಂದ. ಅವ್ವ ಎದ್ದು ನಿಂತಳು. ತನ್ನ ಹೇರಳೆಯ ಹದಕ್ಕೆ ಇಡೀ ಬೀದಿಯಲ್ಲಿ ಯಾರೂ ಹೆಸರಿಟ್ಟಿರಲಿಲ್ಲ. ನಿಮ್ಮ ಹೂವೇ ಕಹಿ, ನನ್ನ ಸಿಪ್ಪೆಯನ್ನು ಯಾಕೆ ಅನ್ನುತ್ತೀರಿ ಎಂದು ಜಗಳಕ್ಕೆ ನಿಂತಳು. ಎಷ್ಟೋ ದಿನಗಳಿಂದ ನಮ್ಮ ಮನೆಯಲ್ಲಿ ಅಂಥ ಒಳ್ಳೆಯ ಜಗಳ ಆಗಿರಲಿಲ್ಲ. ಇಬ್ಬರ ದನಿಯೂ ಏರುತ್ತಿತ್ತು, ನಾನು ಗೋಡೆಗೊರಗಿ ಹೊಟ್ಟೆ ತುಂಬ ನಗುತ್ತಿದ್ದೆ, ಮಾವನೂ ನಕ್ಕ. ಉಳಿದ ಬಾಟಲಿಗಳನ್ನು ಅಪ್ಪ ಬಳ್ಳಿಯ ಬುಡಕ್ಕೇ ಸುರಿದ. ಹೂ ಬಿಟ್ಟಿತ್ತು, ಅದರಿಂದ ಏನಾಗಬೇಕೋ ಅದನ್ನು ಮಾಡಿ ನೋಡಿಯೂ ಆಗಿತ್ತು. ಅವನ ಹಟ ಅಲ್ಲಿಗೆ ತೀರಿತು. ಅವ್ವ ಬಳ್ಳಿಯನ್ನು ಕೀಳಲಿಲ್ಲ. ಬೇಡಿದ್ದನ್ನು ಕೊಟ್ಟ ಬಳ್ಳಿಯನ್ನು ಯಾರಾದರೂ ಕೀಳುತ್ತಾರೆಯೇ ಎಂದು ಸಿದ್ದಮ್ಮಜ್ಜಿಯ ಹತ್ತಿರ ಹೇಳುತ್ತಿದ್ದಳು. ಮುಂದೆಯೂ ಶುಕ್ರವಾರ ಅದಕ್ಕೆ ಕುಂಕುಮ ತಪ್ಪಲಿಲ್ಲ.

ಮಾರನೆಯ ದಿನ ಶಾಲೆಗೆ ಹೊರಡುವಾಗ ನನ್ನ ನೀಲಿ ಲಂಗ ಎಂದಿನ ಹಾಗೆ ಹಗ್ಗದ ಮೇಲಿತ್ತು. ಸಂಜೆ ಅಪ್ಪ ಕೆಲಸದಿಂದ ಬಂದ. ಹೊಸ್ತಿಲು ದಾಟಿ, ಅಂಗಿ ಬಿಚ್ಚಿ, ಎಂದಿನಂತೆ ಮುಂದಕ್ಕೆ ಚಾಚಿ ನಿಂತ. ಅವ್ವ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಳು. ಕೋಲು ಬಿಟ್ಟು ಏಳಲಿಲ್ಲ, ತಿರುಗಿಯೂ ನೋಡಲಿಲ್ಲ.

“ಮೊಳೆ ಅಲ್ಲೇ ಅದಲ್ಲ, ನೇತಾಕಿ.”

ಅಪ್ಪನಿಗೆ ತಿಳಿಯಲಿಲ್ಲ. ಚಾಚಿದ ಕೈಯಲ್ಲಿ ಅಂಗಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಅದನ್ನು ಮುಖದ ಹತ್ತಿರ ತಂದು, ತಾನೇ ಒಮ್ಮೆ ಮೂಸಿ ನೋಡಿ, ಮೊಳೆಗೆ ನೇತುಹಾಕಿದ.